ನಿಮ್ಮ ಚಿತ್ರ ಬಟ್ಟೆಗೆ ಇಳಿಯಬೇಕಾ? ಸ್ಕ್ರೀನ್ ಪ್ರಿಂಟೋ, ಡಿಜಿಟಲ್ಲೋ

ನೀವೇ ಬಿಡಿಸಿದ ಚಿತ್ರ ಕುರ್ತಾ, ದುಪಟ್ಟಾ ಮೇಲೆ ಬರಬೇಕು ಅಂದ್ರೆ ಮೊದಲು ಎರಡು ಲೆಕ್ಕ ಹಾಕಿ. ಎಷ್ಟು ಮೀಟರ್ ಬೇಕು? ಚಿತ್ರದಲ್ಲಿ ಎಷ್ಟು ಬಣ್ಣ ಇದೆ?

ಸ್ಕ್ರೀನ್ ಪ್ರಿಂಟ್‌ನಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಸ್ಕ್ರೀನ್, ಅಂದ್ರೆ ಬಣ್ಣ ಇಳಿಸುವ ಜಾಲರಿ ಚೌಕಟ್ಟು, ಮಾಡಿಸಬೇಕು. ಆ ಖರ್ಚು 5 ಮೀಟರಿಗೂ ಅಷ್ಟೇ, 500 ಮೀಟರಿಗೂ ಅಷ್ಟೇ. ಹಾಗಾಗಿ ಬಟ್ಟೆ ಜಾಸ್ತಿ ಇದ್ದರೆ ಅಗ್ಗ ಬೀಳುತ್ತದೆ. ಮಲೆನಾಡಿನ ಹಸೆ ಚಿತ್ತಾರದಂಥ ಗೆರೆ ಚಿತ್ರಕ್ಕೆ ನನ್ನ ಆಯ್ಕೆ ಇದೇ. ಕೆಮ್ಮಣ್ಣಿನ ಬಣ್ಣದ ಬಟ್ಟೆ ಮೇಲೆ ಬಿಳಿ ಗೆರೆ ದಪ್ಪಗೆ ಕೂತರೆ ಎಷ್ಟು ಚೆಂದ ಅಲ್ವಾ!

ಜಲವರ್ಣವಾದರೆ ಡಿಜಿಟಲ್ಲೇ ಸರಿ, ಅಂದ್ರೆ ಕಂಪ್ಯೂಟರ್‌ನಲ್ಲಿರುವ ಚಿತ್ರವನ್ನು ಪ್ರಿಂಟರ್‌ನಿಂದ ಅಚ್ಚು ಹಾಕಿಸುವುದು. ನೀಲಿ ನಿಧಾನಕ್ಕೆ ಹಸಿರಿಗೆ ತಿರುಗುವ ಜಾಗ, ಕುಂಚದ ನೀರು ಹರಡಿದ ಅಂಚು, ಎಲ್ಲವೂ ಬಟ್ಟೆಗೆ ಇಳಿಯುತ್ತದೆ. ಒಂದೆರಡು ಮೀಟರ್ ಮಾಡಿಸಿದರೂ ಕೈ ಸುಡುವುದಿಲ್ಲ. ಆದರೆ ಬಟ್ಟೆ ಯಾವುದು ಅನ್ನೋದು ಮುಖ್ಯ. ಹತ್ತಿ, ರೇಷ್ಮೆಗೆ ರಿಯಾಕ್ಟಿವ್ ಇಂಕ್ (ನೂಲಿನ ಜೊತೆ ಬೆಸೆದುಕೊಳ್ಳುವ ಬಣ್ಣ) ಹೊಂದುತ್ತದೆ, ಪಾಲಿಯೆಸ್ಟರ್‌ಗೆ ಸಬ್ಲಿಮೇಷನ್ (ಬಿಸಿ ಕೊಟ್ಟು ಬಣ್ಣ ಇಳಿಸುವ ವಿಧಾನ). ಬರೀ ಹತ್ತಿ ಮೇಲೆ ಸಬ್ಲಿಮೇಷನ್ ಬಣ್ಣ ನಿಲ್ಲುವುದಿಲ್ಲ. ರಿಯಾಕ್ಟಿವ್ ಆದರೆ, ಬಣ್ಣ ನಿಲ್ಲಲು ಹಬೆ ಕೊಟ್ಟು ತೊಳೆದು ಕೊಡ್ತಾರಾ ಅಂತ ಕೇಳಿಯೇ ದುಡ್ಡು ಕೊಡಿ.

ಫೋನ್ ಫೋಟೊ ಸಾಲದು, ಸ್ಕ್ಯಾನ್ ಮಾಡಿಸಿ. ಅಚ್ಚಾಗುವ ಅಳತೆಯಲ್ಲೇ 150 ಡಿಪಿಐ (ಇಂಚಿಗೆ 150 ಚುಕ್ಕಿ) ಇರಲಿ. ಮೊದಲು ಒಂದು ತುಂಡು ಬಟ್ಟೆ ಮೇಲೆ ಹಾಕಿಸಿ, ಒಗೆದು, ಬಿಸಿಲಲ್ಲಿ ಹಿಡಿದು ನೋಡಿ.