ಲಾಖ್ ಅರ್ನ್‌ನಲ್ಲಿ ಪ್ಯಾಡಲ್‌ಬೋರ್ಡ್ ಇಳಿಸುವ ಮುನ್ನ ಗಾಳಿ ಎತ್ತ ಬೀಸುತ್ತಿದೆ ನೋಡಿ

ಸ್ಕಾಟ್ಲೆಂಡಿನ ಲಾಖ್ ಅರ್ನ್ ಸರೋವರದ ದಡದ ಹಳ್ಳಿ ಲಾಖ್‌ಅರ್ನ್‌ಹೆಡ್‌ಗೆ ಬೇಸಿಗೆ ರಜೆಗೆ ಹೊರಟವರು ದಯವಿಟ್ಟು ಇದನ್ನು ಪೂರ್ತಿ ಓದಿ. ಜುಲೈನ ಒಂದು ಮಧ್ಯಾಹ್ನ ಅಲ್ಲಿ ನಿಂತು ಹುಟ್ಟು ಹಾಕುತ್ತ ಸಾಗುವ ಒಂದೇ ಪ್ಯಾಡಲ್‌ಬೋರ್ಡ್ ಮೇಲೆ ಹೊರಟ ಇಬ್ಬರು ಪ್ರವಾಸಿಗರು ವಾಪಸ್ ಬರಲಾಗದೆ ಸರೋವರದ ನಡುವಿಗೆ ತೇಲಿಹೋದರು. ಒಬ್ಬರು ಆಯತಪ್ಪಿ ನೀರಿಗೆ ಬಿದ್ದರು. ಬೋರ್ಡನ್ನು ಕಾಲಿಗೆ ಬಿಗಿಯುವ ಹಗ್ಗ, ಅಂದರೆ ಲೀಶ್ ಕಟ್ಟಿರಲಿಲ್ಲ, ಲೈಫ್ ಜಾಕೆಟ್ ಕಾರಿನ ಡಿಕ್ಕಿಯಲ್ಲೇ ಇತ್ತು. ಅದೃಷ್ಟಕ್ಕೆ ಕಯಾಕ್ ಎಂಬ ಸಣ್ಣ ದೋಣಿಯಲ್ಲಿದ್ದವರು ನೋಡಿ ಎಳೆತಂದರು.

ಸರೋವರ ಪೂರ್ವ-ಪಶ್ಚಿಮವಾಗಿ ಸುಮಾರು 10 ಕಿ.ಮೀ. ಚಾಚಿಕೊಂಡಿದೆ. ಹಳ್ಳಿ ಇರುವುದು ಪಶ್ಚಿಮದ ತುದಿಯಲ್ಲಿ, ಪೂರ್ವದ ತುದಿಯಲ್ಲಿ ಸೇಂಟ್ ಫಿಲ್ಲನ್ಸ್. ಇಲ್ಲಿ ಹೆಚ್ಚಾಗಿ ಬೀಸುವುದು ಪಶ್ಚಿಮದ, ನೈಋತ್ಯದ ಗಾಳಿ. ಅಂದರೆ ಹಳ್ಳಿಯ ದಡದಿಂದ ಸರೋವರದ ಒಳಕ್ಕೆ. ದಡದಲ್ಲಿ ಮರಗಳು ಅಡ್ಡ ಇರುವುದರಿಂದ ನೀರು ಕನ್ನಡಿಯಂತೆ ಕಾಣುತ್ತದೆ. ಮೋಸ ಹೋಗುವುದೇ ಅಲ್ಲಿ. ಸ್ವಲ್ಪ ಒಳಗೆ ಹೋದರೆ ಎರಡೂ ಬದಿಯ ಗುಡ್ಡಗಳ ನಡುವೆ ಗಾಳಿ ಬಿಗಿಯಾಗಿ ನುಗ್ಗುತ್ತದೆ. ದೂರದಲ್ಲಿ ಅಲೆಯ ತುದಿ ಬೆಳ್ಳಗಾಗಿದ್ದರೆ ಹೊಸಬರು ಇಳಿಯಲೇಬಾರದು. ಇಳಿಯುವ ದಿನವೂ ಮೊದಲು ಗಾಳಿಗೆ ಎದುರಾಗಿ ಹೋಗಿ, ಬರುವಾಗ ಗಾಳಿ ತಾನೇ ತಳ್ಳಿಕೊಂಡು ಬರುತ್ತದೆ.

ಆ ಇಬ್ಬರ ಬೋರ್ಡ್‌ನೊಳಗೆ ತುಂಬಿದ ಗಾಳಿಯೂ ಸಾಲದಾಗಿತ್ತು. ಗಾಳಿ ತುಂಬುವ ಬೋರ್ಡ್‌ಗಳಿಗೆ ಸಾಮಾನ್ಯವಾಗಿ 12ರಿಂದ 15 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಬೇಕು. ಕೈಪಂಪಿನ ಗೇಜಿನ ಮುಳ್ಳು 7-8 ತಲುಪುವಷ್ಟರಲ್ಲಿ ತೋಳು ಸೋತು ಬಹಳ ಜನ ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಇಬ್ಬರು ನಿಂತರೆ ಅಂಥ ಬೋರ್ಡ್ ನಡುವೆ ಬಾಗಿ, ಎಷ್ಟು ಹುಟ್ಟು ಹಾಕಿದರೂ ಮುಂದೆ ಸರಿಯುವುದಿಲ್ಲ.

ನೀರಿನ ಚಳಿ ಬೇರೆ. ಊರಿನ ಕೆರೆ, ಬಾವಿಯಲ್ಲಿ ಈಜು ಕಲಿತವರು ಆ ಧೈರ್ಯವನ್ನು ಇಲ್ಲಿಗೆ ತರಬೇಡಿ. 15 ಡಿಗ್ರಿಗಿಂತ ತಣ್ಣಗಿನ ನೀರಿಗೆ ಬಿದ್ದ ಕ್ಷಣ ತಾನಾಗಿ ಜೋರಾಗಿ ಉಸಿರು ಎಳೆದುಕೊಳ್ಳುತ್ತೀರಿ, ಬಾಯಿ ನೀರೊಳಗಿದ್ದರೆ ನೀರೇ ಒಳಗೆ ಹೋಗುತ್ತದೆ. ಆಗ ಈಜಬೇಡಿ. ಬೆನ್ನ ಮೇಲೆ ಮಲಗಿ, ಕಿವಿ ಮುಳುಗಿದರೂ ಪರವಾಗಿಲ್ಲ, ಮುಖ ಮೇಲಿಟ್ಟು ಒಂದೆರಡು ನಿಮಿಷ ತೇಲಿ. ಉಸಿರು ಹತೋಟಿಗೆ ಬರುತ್ತದೆ. ಆಮೇಲೆ ಬೆರಳು, ತೋಳು ಮರಗಟ್ಟುವ ಮೊದಲೇ ಬೋರ್ಡ್ ಹತ್ತಬೇಕು. ಲೀಶ್ ಇಲ್ಲದಿದ್ದರೆ ಬೋರ್ಡ್ ನಿಮಗಿಂತ ಬೇಗ ಗಾಳಿಗೆ ಓಡಿಹೋಗುತ್ತದೆ, ಬೆನ್ನಟ್ಟಿ ಹಿಡಿಯಲಾಗದು.

ಲೈಫ್ ಜಾಕೆಟ್ ಕನಿಷ್ಠ 50 ನ್ಯೂಟನ್ (ತೇಲಿಸುವ ಬಲದ ಅಳತೆ) ಇರಲಿ. ತೊಟ್ಟ ಮೇಲೆ ಭುಜದ ಪಟ್ಟಿ ಹಿಡಿದು ಯಾರಾದರೂ ಮೇಲಕ್ಕೆ ಎಳೆಯಲಿ, ಅದು ಗದ್ದಕ್ಕೆ ಬಂದರೆ ಸಡಿಲ ಎಂದರ್ಥ. ಮಕ್ಕಳಿಗೆ ಕಾಲಸಂದಿಯ ಪಟ್ಟಿ ಇರುವುದನ್ನೇ ಕೇಳಿ ಪಡೆಯಿರಿ. ಬಾಡಿಗೆ ಕೊಡುವವರು ಜಾಕೆಟ್ ಬೇಕಿಲ್ಲ ಎಂದರೆ ಅವರಿಂದ ಬೋರ್ಡನ್ನೂ ಪಡೆಯಬೇಡಿ.

ಗಾಳಿ ಎಳೆದುಕೊಂಡು ಹೋದರೆ ನಿಲ್ಲಬೇಡಿ, ಮಂಡಿಯೂರಿ. ಅದೂ ಸಾಲದಿದ್ದರೆ ಹೊಟ್ಟೆಯ ಮೇಲೆ ಮಲಗಿ ಕೈಯಿಂದ ನೀರು ತಳ್ಳಿ. ಹೊರಟ ಜಾಗಕ್ಕೇ ಮರಳುವ ಹಟ ಬೇಡ. ಓರೆಯಾಗಿ ಉತ್ತರ ದಡದತ್ತ ಸಾಗಿ, ಎ85 ರಸ್ತೆ ನೀರಿನ ಪಕ್ಕದಲ್ಲೇ ಇದೆ, ಜನ ಸಿಗುತ್ತಾರೆ. ಬೋರ್ಡ್ ಬಿಟ್ಟು ಈಜಲು ಮಾತ್ರ ಹೋಗಬೇಡಿ. ಫೋನ್ ನೀರು ಸೇರದ ಚೀಲದಲ್ಲಿ ಮೈಮೇಲೇ ಇರಲಿ. ಬ್ರಿಟನ್ನಿನ ತುರ್ತು ಸಂಖ್ಯೆ 999ಕ್ಕೆ ಕರೆ ಮಾಡಿ, ಒಳನಾಡಿನ ಸರೋವರವಾದ್ದರಿಂದ ಅಗ್ನಿಶಾಮಕ ದಳವನ್ನು ಕೇಳಿ. ದಡದಲ್ಲಿರುವವರು ನೀರಿಗೆ ಧುಮುಕದೆ ಹಗ್ಗವನ್ನೋ ತೇಲುವ ವಸ್ತುವನ್ನೋ ಎಸೆಯಿರಿ, ನೆರವು ಬರುವವರೆಗೆ ಬಿದ್ದವರ ಮೇಲಿಂದ ಕಣ್ಣು ತೆಗೆಯಬೇಡಿ.