ಜರ್ಮನಿಯ ‘ಪೂರ್ತಿ ಪ್ರಾಕ್ಟಿಕಲ್’ ಮಾಸ್ಟರ್ಸ್: ಫೀಸು ಕಟ್ಟುವ ಮುಂಚೆ ಇದನ್ನೊಮ್ಮೆ ಓದಿ

ಜರ್ಮನಿಗೆ ಎಂಜಿನಿಯರಿಂಗ್ ಮಾಸ್ಟರ್ಸ್ ಮಾಡಲು ಹೊರಟಿದ್ದೀರಾ? ‘ಪೂರ್ತಿ ಪ್ರಾಕ್ಟಿಕಲ್ ಕೋರ್ಸು, ಆರು ತಿಂಗಳ ಇಂಡಸ್ಟ್ರಿ ಇಂಟರ್ನ್‌ಶಿಪ್ ಒಳಗೇ ಇದೆ’ ಅಂತ ಹೇಳಿ ಕನ್ಸಲ್ಟೆನ್ಸಿಯವರು ಯಾವುದೋ ಖಾಸಗಿ ಕಾಲೇಜಿನ ಆಫರ್ ಲೆಟರ್ ಕೈಗಿಟ್ಟಿದ್ದಾರಾ? ಹಾಗಿದ್ದರೆ ದುಡ್ಡು ಕಳಿಸುವುದನ್ನು ಎರಡು ದಿನ ಮುಂದೂಡಿ. ಅಂಥದೇ ಕೋರ್ಸಿಗೆ ಸೇರಿ ಅನುಭವಿಸಿದವಳು ನಾನು. ಕಾಲೇಜಿನ ಹೆಸರು ಹಾಕುತ್ತಿಲ್ಲ. ಹೆಸರು ಬೇರೆ ಇದ್ದರೂ ಆಟ ಇದೇ.

ನಾನು ಮೆಕ್ಯಾನಿಕಲ್‌ನಲ್ಲಿ ಬಿಇ. ಪೀಣ್ಯದ ಒಂದು ಟೂಲ್ ರೂಮಿನಲ್ಲಿ ಕೆಲಸಕ್ಕಿದ್ದೆ, ಫಿಕ್ಸ್ಚರ್ ಡಿಸೈನು, ಸಿಎನ್‌ಸಿ ಪ್ರೋಗ್ರಾಮು ಇತ್ಯಾದಿ. ಸಂಶೋಧನೆ, ಪಿಎಚ್‌ಡಿ ಕಡೆ ಒಲವಿರಲಿಲ್ಲ. ಮೆಷಿನ್ ಹತ್ತಿರ ನಿಂತು ಕಲಿಯುವ ಮಾಸ್ಟರ್ಸ್ ಬೇಕಿತ್ತು. ಅದಕ್ಕೆ ಜರ್ಮನಿಯನ್ನು ಆರಿಸಿದ್ದರಲ್ಲಿ ಏನೂ ತಪ್ಪಿಲ್ಲ, ಈಗಲೂ ಹಾಗೇ ಹೇಳುತ್ತೇನೆ. ಅಲ್ಲಿ ಯೂನಿವರ್ಸಿಟಿಗಳ ಜೊತೆಗೆ ಫಾಖ್‌ಹೋಖ್‌ಶೂಲ ಅಂತ ಇನ್ನೊಂದು ವ್ಯವಸ್ಥೆ ಇದೆ. 1968ರಲ್ಲಿ ರಾಜ್ಯಗಳು ಒಪ್ಪಂದ ಮಾಡಿಕೊಂಡು ಕಟ್ಟಿದ್ದು ಅದು, ಕೈಗಾರಿಕೆಗೆ ಬೇಕಾದ ಜನರನ್ನು ತಯಾರು ಮಾಡಲೆಂದೇ. ಪಾಠ ಮಾಡುವ ಪ್ರೊಫೆಸರಿಗೆ ಡಾಕ್ಟರೇಟ್ ಒಂದೇ ಸಾಲದು. ಸಾಮಾನ್ಯವಾಗಿ ಐದು ವರ್ಷದ ವೃತ್ತಿ ಅನುಭವ ಬೇಕು, ಅದರಲ್ಲಿ ಮೂರು ವರ್ಷವಾದರೂ ಕಾಲೇಜಿನ ಹೊರಗಿನದ್ದಾಗಿರಬೇಕು. ಸರ್ಕಾರಿ ಫಾಖ್‌ಹೋಖ್‌ಶೂಲಗಳಲ್ಲಿ ಬಹುತೇಕ ಕಡೆ ಫೀಸಿಲ್ಲ, ಸೆಮಿಸ್ಟರಿಗೆ ಕೆಲವು ನೂರು ಯೂರೋ ವಂತಿಗೆ ಅಷ್ಟೆ. ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ ಮಾತ್ರ 2017ರಿಂದ ನಮ್ಮಂಥ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ. ಅದನ್ನು ಕಟ್ಟಿದರೂ ಖಾಸಗಿಯವರು ಕೇಳುವುದರ ಪಕ್ಕದಲ್ಲಿ ಅದು ಚಿಲ್ಲರೆ.

ಜಯನಗರದ ಆ ಕನ್ಸಲ್ಟೆನ್ಸಿಯಲ್ಲಿ ಇದ್ಯಾವುದನ್ನೂ ಹೇಳಲಿಲ್ಲ. ಸರ್ಕಾರಿ ಕಡೆ ಸೀಟು ಸಿಗುವುದು ಕಷ್ಟ ಮೇಡಂ, ನಿಮ್ಮ ಸಿಜಿಪಿಎಗೆ ರಿಸ್ಕು, ಇದು ಗವರ್ನಮೆಂಟ್ ಮಾನ್ಯತೆ ಇರೋದೇ, ಎರಡು ವಾರದಲ್ಲಿ ಆಫರ್ ಲೆಟರ್ ಅಂದರು. ನನ್ನಿಂದ ಅವರು ಒಂದು ರೂಪಾಯಿ ಕನ್ಸಲ್ಟಿಂಗ್ ಫೀಸು ತೆಗೆದುಕೊಳ್ಳಲಿಲ್ಲ. ಅಪ್ಪ ಅದನ್ನೇ ದೊಡ್ಡ ಗುಣ ಅಂದುಕೊಂಡರು. ಪ್ರತಿ ಸೀಟಿಗೂ ಕಾಲೇಜಿನಿಂದ ಕಮಿಷನ್ ಬರುತ್ತದೆಂದು ಗೊತ್ತಾಗಿದ್ದು ಆಮೇಲೆ, ಅಲ್ಲೇ ಕೆಲಸ ಬಿಟ್ಟ ಹುಡುಗನೊಬ್ಬನ ಬಾಯಿಂದ. ಸರ್ಕಾರಿ ಫಾಖ್‌ಹೋಖ್‌ಶೂಲ ಹೀಗೆ ಕಮಿಷನ್ ಕೊಟ್ಟು ಹುಡುಗರನ್ನು ಕರೆಸಿಕೊಳ್ಳುವುದಿಲ್ಲ. ಹಾಗಾದಮೇಲೆ ಅದರ ಹೆಸರನ್ನು ಅವರು ಯಾಕೆ ಎತ್ತುತ್ತಾರೆ? ಇನ್ನು ಮಾನ್ಯತೆಯ ಮಾತು. ಮಾನ್ಯತೆ ನಮ್ಮೂರಿನ ಮ್ಯಾನೇಜ್‌ಮೆಂಟ್ ಕೋಟಾ ಕಾಲೇಜಿಗೂ ಇರುತ್ತದೆ.

ಒಟ್ಟು ಫೀಸು ರೂಪಾಯಿ ಲೆಕ್ಕದಲ್ಲಿ ಇಪ್ಪತ್ತು ಲಕ್ಷದ ಹತ್ತಿರ ಬಂತು. ಇದರ ಮೇಲೆ ಬ್ಲಾಕ್ಡ್ ಅಕೌಂಟಿಗೆ, ಅಂದರೆ ವೀಸಾಕ್ಕಾಗಿ ಒಂದು ವರ್ಷದ ಜೀವನ ಖರ್ಚನ್ನು ಮುಂಚೆಯೇ ಇಡುವ ಖಾತೆಗೆ, 11,904 ಯೂರೋ. ಅದು ನಮ್ಮದೇ ದುಡ್ಡು, ತಿಂಗಳಿಗೆ 992ರಂತೆ ವಾಪಸ್ ಬರುತ್ತದೆ ಸರಿ, ಆದರೆ ಮೊದಲು ಅಷ್ಟನ್ನೂ ಒಟ್ಟಿಗೆ ತೋರಿಸಬೇಕಲ್ಲ. ನಮ್ಮ ಪದವಿ, ಅಂಕಪಟ್ಟಿ ಅಸಲಿ ಅಂತ ದೃಢಪಡಿಸುವ ಎಪಿಎಸ್ ಸರ್ಟಿಫಿಕೇಟಿಗೆ 18,000 ರೂಪಾಯಿ ಬೇರೆ. ಮನೆ ಪತ್ರ ಬ್ಯಾಂಕಿಗೆ ಹೋಯಿತು.

ಹೋಗಿ ನೋಡಿದರೆ ಕ್ಯಾಂಪಸ್ ಅಂದರೆ ಒಂದು ಆಫೀಸ್ ಕಟ್ಟಡದ ಎರಡು ಮಹಡಿ. ಕೆಳಗೆ ಜಿಮ್ಮು. ಬ್ರೋಷರಿನಲ್ಲಿದ್ದ ರೋಬೋಟಿಕ್ ಸೆಲ್, ಐದು ಆಕ್ಸಿಸ್ ಮಿಲ್ಲಿಂಗ್ ಮೆಷಿನ್ ಇರುವುದು ಇನ್ನೊಂದು ಊರಿನ ಕ್ಯಾಂಪಸ್ಸಿನಲ್ಲಂತೆ. ಒಂದು ಸೆಮಿಸ್ಟರಿನಲ್ಲಿ ಬಸ್ಸಿನಲ್ಲಿ ಕರೆದೊಯ್ದು ತೋರಿಸಿದರು, ಮುಟ್ಟಲು ಬಿಡಲಿಲ್ಲ. ಪೀಣ್ಯದಲ್ಲಿ ದಿನಾ ಮುಟ್ಟುತ್ತಿದ್ದ ಮೆಷಿನ್ನನ್ನು ನಾನು ಜರ್ಮನಿಯಲ್ಲಿ ಗಾಜಿನಾಚೆಯಿಂದ ನೋಡಿ ಬಂದೆ. ಪಾಠದಲ್ಲಿ ಅರ್ಧ ಆನ್‌ಲೈನ್. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಸ್ಟೂಡೆಂಟ್ ಪರ್ಮಿಟ್ ಕೊಡುವುದು ಅಲ್ಲೇ ಇದ್ದು ಓದುವವರಿಗೆ. ಪರ್ಮಿಟ್ ನವೀಕರಿಸಲು ಹೋದಾಗ ವಿದೇಶಿಯರ ಕಚೇರಿಯಾಕೆ ಟೈಮ್‌ಟೇಬಲ್ ಕೇಳಿ, ಕ್ಲಾಸುಗಳು ಎಲ್ಲಿ ನಡೆಯುತ್ತವೆ ಎಂದು ಒಂದೊಂದಾಗಿ ವಿಚಾರಿಸಿದರು. ಕಾಲೇಜಿನಿಂದ ಪತ್ರ ತರಿಸಿ ಕೊಡುವಷ್ಟರಲ್ಲಿ ನನ್ನ ಜೀವ ಬಾಯಿಗೆ ಬಂದಿತ್ತು.

ನಿಜವಾದ ಪೆಟ್ಟು ಬಿದ್ದಿದ್ದು ಇಂಟರ್ನ್‌ಶಿಪ್ಪಿನಲ್ಲಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಇಲ್ಲಿಗೆ ಬರುವವರೆಗೂ ಯಾರೂ ಹೇಳುವುದಿಲ್ಲ.

ಜರ್ಮನಿಯಲ್ಲಿ ಇಂಟರ್ನ್‌ಶಿಪ್ ಎರಡು ಥರ. ಕೋರ್ಸಿನ ಪರೀಕ್ಷಾ ನಿಯಮಾವಳಿಯಲ್ಲೇ ಕಡ್ಡಾಯ ಅಂತ ಬರೆದಿರುವುದು ಒಂದು, ನೀವಾಗಿ ಮಾಡುವುದು ಇನ್ನೊಂದು. ಕಡ್ಡಾಯದ್ದಕ್ಕೆ ಕನಿಷ್ಠ ವೇತನ ಕೊಡಬೇಕಾಗಿಲ್ಲ. ಸ್ವಂತ ಇಚ್ಛೆಯದು ಮೂರು ತಿಂಗಳು ದಾಟಿದರೆ ಮೊದಲ ದಿನದಿಂದಲೇ ಕೊಡಬೇಕು, 2025ರಲ್ಲಿ ಗಂಟೆಗೆ 12.82 ಯೂರೋ ಇತ್ತು. ಹಾಗಾಗಿ ಆರು ತಿಂಗಳ ಇಂಟರ್ನ್‌ಶಿಪ್ ಜಾಹೀರಾತು ಹಾಕುವ ಎಷ್ಟೋ ಕಂಪನಿಗಳು ಕಡ್ಡಾಯದವರನ್ನೇ ಕೇಳುತ್ತವೆ, ಕಾಲೇಜಿನ ದೃಢೀಕರಣ ಪತ್ರದ ಸಮೇತ. ಇನ್ನೊಂದು ಲೆಕ್ಕವೂ ಇದೆ. ಹೊರದೇಶದ ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ತಿ ದಿನ ಕೆಲಸ ಮಾಡಬಹುದು (2024ರ ಮಾರ್ಚಿಗೆ ಮುಂಚೆ 120 ಇತ್ತು). ಕಡ್ಡಾಯ ಇಂಟರ್ನ್‌ಶಿಪ್ ಈ ಲೆಕ್ಕಕ್ಕೆ ಸೇರುವುದಿಲ್ಲ, ಸ್ವಂತ ಇಚ್ಛೆಯದು ಸೇರುತ್ತದೆ. ಆರು ತಿಂಗಳು ಪೂರ್ತಿ ಕೆಲಸ ಮಾಡಿದರೆ ವರ್ಷದ ದಿನಗಳೆಲ್ಲ ಹೆಚ್ಚುಕಡಿಮೆ ಅಲ್ಲಿಗೇ ಮುಗಿದವು. ಬಾಡಿಗೆಗೆ ಅಂತ ಬೇರೆ ಪಾರ್ಟ್‌ಟೈಮ್ ಕೆಲಸ ಹೇಗೆ ಮಾಡುತ್ತೀರಿ?

ನಮ್ಮ ಕೋರ್ಸಿನ ನಿಯಮಾವಳಿಯಲ್ಲಿ ಇಂಟರ್ನ್‌ಶಿಪ್ ಎಂಬ ಪದವೇ ಇರಲಿಲ್ಲ. ‘ಪ್ರಾಕ್ಟಿಕಲ್ ಪ್ರಾಜೆಕ್ಟ್’ ಅಂತ ಐದು ಕ್ರೆಡಿಟ್ಟಿನ ಒಂದು ವಿಷಯ ಇತ್ತು, ಅದೂ ಕ್ಲಾಸಿನಲ್ಲಿ ಗುಂಪಾಗಿ ಪಿಪಿಟಿ ಮಾಡುವುದು. ನನ್ನನ್ನು ಇಂಟರ್‌ವ್ಯೂ ಮಾಡಿ ಒಪ್ಪಿದ್ದ ಗೇರ್‌ಬಾಕ್ಸ್ ಕಂಪನಿಯವರು ಕಡೆಗೆ ಪತ್ರ ಕೇಳಿದರು. ಕಾಲೇಜಿನವರು ಕೊಟ್ಟ ಪತ್ರದಲ್ಲಿ ‘ಶಿಫಾರಸು ಮಾಡುತ್ತೇವೆ’ ಅಂತ ಇತ್ತು. ಕಂಪನಿಯವರು ಅದು ನಡೆಯುವುದಿಲ್ಲ ಅಂದರು. ಕಾಲೇಜಿನ ಕರಿಯರ್ ಆಫೀಸಿಗೆ ಹೋಗಿ ಕೂತರೆ, ಬ್ರೋಷರಿನಲ್ಲಿ ‘ಅವಕಾಶ’ ಅಂತ ಬರೆದಿದ್ದೇವೆ, ಒದಗಿಸುತ್ತೇವೆ ಅಂತ ಬರೆದಿಲ್ಲ ಎಂಬ ಉತ್ತರ. ಕನ್ಸಲ್ಟೆನ್ಸಿಗೆ ಫೋನ್ ಮಾಡಿದೆ, ನನ್ನ ಫೈಲ್ ನೋಡಿಕೊಂಡಿದ್ದವರು ಈಗ ಕೆನಡಾ ವಿಭಾಗದಲ್ಲಿದ್ದಾರೆ ಅಂದರು!

ಭಾಷೆಯ ಕಥೆ ಗೊತ್ತಿರುವುದೇ. ಪಾಠ ಇಂಗ್ಲಿಷಿನಲ್ಲಿ ನಡೆಯಬಹುದು, ಸಣ್ಣ ಊರಿನ ಕಾರ್ಖಾನೆಯ ಶಾಪ್ ಫ್ಲೋರ್ ನಡೆಯುವುದು ಜರ್ಮನ್ನಿನಲ್ಲಿ. ಜರ್ಮನ್ ಭಾಷೆಯ ಬಿ1 ಹಂತ ಮುಗಿಸದೆ ಹೊರಡಬೇಡಿ.

ಹಾಗಾದರೆ ಏನು ನೋಡಬೇಕು? ಬ್ರೋಷರನ್ನು ಪಕ್ಕಕ್ಕಿಟ್ಟು ಎರಡು ಕಡತ ತರಿಸಿಕೊಳ್ಳಿ: ಪ್ರ್ಯೂಫುಂಗ್ಸ್‌ಓರ್ಡ್‌ನುಂಗ್, ಅಂದರೆ ಪರೀಕ್ಷಾ ನಿಯಮಾವಳಿ, ಮತ್ತು ಮೊಡೂಲ್‌ಹಾಂಡ್‌ಬೂಖ್, ಪ್ರತಿ ವಿಷಯದಲ್ಲೂ ಏನು ಕಲಿಸುತ್ತಾರೆ, ಲ್ಯಾಬಿಗೆ ಎಷ್ಟು ಗಂಟೆ ಎಂಬ ವಿವರ. ಸರ್ಕಾರಿ ಕಾಲೇಜುಗಳು ಇವನ್ನು ವೆಬ್‌ಸೈಟಿನಲ್ಲೇ ಹಾಕಿರುತ್ತವೆ. ನಿಯಮಾವಳಿ ಜರ್ಮನ್ನಿನಲ್ಲಿದ್ದರೆ ‘ಫ್ಲಿಖ್ಟ್‌ಪ್ರಾಕ್ಟಿಕುಮ್’ ಎಂಬ ಪದ ಹುಡುಕಿ, ಅದಕ್ಕೆ ಎಷ್ಟು ಕ್ರೆಡಿಟ್ ಅಂತ ನೋಡಿ. ಅದು ಇಲ್ಲದಿದ್ದರೂ ಕೋರ್ಸು ಒಳ್ಳೆಯದೇ ಇರಬಹುದು. ಮೂರು ಸೆಮಿಸ್ಟರಿನ ಎಷ್ಟೋ ಕೋರ್ಸುಗಳಲ್ಲಿ ಹುಡುಗರು ಕಂಪನಿಯಲ್ಲೇ ಥೀಸಿಸ್ ಮಾಡುತ್ತಾರೆ. ಆದರೆ ಹಾಗೆ ಮಾಡಿದ ಹಳೆಯ ವಿದ್ಯಾರ್ಥಿಗಳನ್ನು ಹುಡುಕಿ ನೀವೇ ಮಾತಾಡಿಸಿ, ಕಾಲೇಜಿನವರು ಜೋಡಿಸಿಕೊಟ್ಟ ‘ಅಂಬಾಸಡರ್’ ಬೇಡ.

ಹೊರದೇಶದ ವಿದ್ಯಾರ್ಥಿಗಳಿಗೆ ಮಾಹಿತಿ, ಸ್ಕಾಲರ್‌ಶಿಪ್ ಕೊಡುವ ಜರ್ಮನಿಯ ಡಾಡ್ (DAAD) ಸಂಸ್ಥೆಯ ಕೋರ್ಸು ಪಟ್ಟಿಯಲ್ಲಿ ಫೀಸು ಎಷ್ಟು, ಇಂಟರ್ನ್‌ಶಿಪ್ ಸೇರಿದೆಯೇ ಎಂದು ಬೇರೆಬೇರೆಯಾಗಿ ಕೊಟ್ಟಿರುತ್ತಾರೆ. ಕಾಲೇಜು ಸರ್ಕಾರಿಯೋ ಖಾಸಗಿಯೋ ಎಂಬುದು ಹೋಖ್‌ಶೂಲ್‌ಕೊಂಪಾಸ್ ತಾಣದಲ್ಲಿ ಸಿಗುತ್ತದೆ. ಅರ್ಜಿ ನೀವೇ ಹಾಕಬಹುದು. ಹಲವು ಕಾಲೇಜುಗಳ ಪರವಾಗಿ ಹೊರದೇಶದವರ ಅರ್ಜಿ ಪರಿಶೀಲಿಸುವ ಯೂನಿ-ಅಸಿಸ್ಟ್‌ನಲ್ಲಿ ಮೊದಲ ಅರ್ಜಿಗೆ 75 ಯೂರೋ, ಅದೇ ಸೆಮಿಸ್ಟರಿನ ಮುಂದಿನ ಒಂದೊಂದಕ್ಕೂ 30. ಸಿಜಿಪಿಎ ಕಡಿಮೆ ಅಂತ ಹೆದರಿಸಿದರೆ, ಕೋರ್ಸಿನ ಪುಟದಲ್ಲಿ ಅರ್ಹತೆ ಏನಿದೆ ಅಂತ ನೀವೇ ಓದಿ. ನನ್ನ ಅಂಕಕ್ಕೆ ಸರ್ಕಾರಿ ಸೀಟು ಸಿಗುತ್ತಿತ್ತು. ಹೇಗೆ ಗೊತ್ತು ಅಂದರೆ, ಆ ಖಾಸಗಿ ಕಾಲೇಜು ಬಿಟ್ಟು ಈಗ ಓದುತ್ತಿರುವುದು ಸರ್ಕಾರಿ ಫಾಖ್‌ಹೋಖ್‌ಶೂಲದಲ್ಲೇ, ಅದೇ ಅಂಕಪಟ್ಟಿ ಕೊಟ್ಟು. ಹಳೆಯ ಕ್ರೆಡಿಟ್ಟುಗಳಲ್ಲಿ ಬಹುಪಾಲು ಇಲ್ಲಿ ಲೆಕ್ಕಕ್ಕೆ ಬರಲಿಲ್ಲ. ಬ್ಯಾಂಕಿನ ಬಡ್ಡಿ ಮಾತ್ರ ಓಡುತ್ತಲೇ ಇದೆ.

ಈಗಾಗಲೇ ಸಹಿ ಹಾಕಿದವರು ಒಪ್ಪಂದದಲ್ಲಿ ರದ್ದತಿಯ ಷರತ್ತು ಹುಡುಕಿ. ವೀಸಾ ಸಿಗದಿದ್ದರೆ ಹಣ ವಾಪಸ್ ಎಂಬುದು ಬೇರೆ, ನೀವಾಗಿ ಬಿಟ್ಟರೆ ಎಷ್ಟು ತಿಂಗಳ ಮುಂಚೆ ಲಿಖಿತವಾಗಿ ತಿಳಿಸಬೇಕು ಎಂಬುದು ಬೇರೆ. ನನ್ನ ಒಪ್ಪಂದದಲ್ಲಿ ಎರಡನೆಯದು ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿತ್ತು, ಒಂದು ಸೆಮಿಸ್ಟರಿನ ಫೀಸು ಪೂರ್ತಿ ಅಲ್ಲೇ ಹೋಯಿತು.