ಹರಿಗೋಲಿಗೆ ಬಗ್ಗುವ ಫೋಮ್: ತೆಗೆದುಕೊಳ್ಳಬಹುದೇ?

ಸಾಣಾಪುರ, ಆನೆಗುಂದಿ ಕಡೆಯ ಹರಿಗೋಲುಗಳಿಗೆ, ಮುನಿರಾಬಾದ್ ಹಿನ್ನೀರಿನ ಫೈಬರ್ ದೋಣಿಗಳಿಗೆ, ನೀರು ಹೊಕ್ಕರೂ ಮುಳುಗದೆ ತೇಲುವಂತೆ ಮಾಡಲು, ಕ್ರಾಸ್‌ಲಿಂಕ್ಡ್ ಪಾಲಿಎಥಿಲೀನ್ ಫೋಮ್ (ನೀರು ಹೀರದ, ಬಗ್ಗುವ ಪ್ಲಾಸ್ಟಿಕ್ ಫೋಮ್) ಶೀಟ್ ಒಳ್ಳೆಯ ಸಾಮಾನು. 2 ಮೀಟರ್ ಉದ್ದ, 1 ಮೀಟರ್ ಅಗಲ, 50 ಮಿ.ಮೀ. ದಪ್ಪದ ಶೀಟ್ ಎಂದರೆ 100 ಲೀಟರ್. ತೂಕ ಸುಮಾರು 3 ಕಿಲೋ, ನೀರಲ್ಲಿ ಎತ್ತುವುದು ಸುಮಾರು 97 ಕಿಲೋ.

ಹರಿಗೋಲಿನ ದುಂಡು ಅಂಚಿಗೆ 50 ಮಿ.ಮೀ.ನ ಒಂದೇ ಪಟ್ಟಿ ಸರಿಯಾಗಿ ಬಗ್ಗುವುದಿಲ್ಲ, ಅಂಟು ಬಿಡುತ್ತದೆ. 25 ಮಿ.ಮೀ.ನ ಎರಡು ಪದರ ಹಾಕಿ, ಜೋಡಣೆಗಳು ಒಂದರ ಮೇಲೊಂದು ಬರದಂತೆ ನೋಡಿಕೊಳ್ಳಿ. 2.4 ಮೀಟರ್ ವ್ಯಾಸಕ್ಕೆ 10 ಸೆಂ.ಮೀ. ಅಗಲದ ಪಟ್ಟಿಯನ್ನು ಹೀಗೆ ಎರಡು ಪದರ ಸುತ್ತಿದರೆ ಸುಮಾರು 37 ಲೀಟರ್ ಆಗುತ್ತದೆ. ಫೋಮನ್ನು ತಳಕ್ಕೆ ಮಾತ್ರ ಎಂದೂ ತುಂಬಬೇಡಿ! ನೀರು ಹೊಕ್ಕ ದೋಣಿ ಮಗುಚಿ ಬೀಳುತ್ತದೆ. ಅಂಚಿನ ಕೆಳಗೆ, ಎರಡೂ ಬದಿಗೆ ಸಮನಾಗಿ ಇರಲಿ.

ಫೈಬರ್ ದೋಣಿಯಾದರೆ 80 ನಂಬರ್ ಸ್ಯಾಂಡ್‌ಪೇಪರ್‌ನಿಂದ ಉಜ್ಜಿ, ಪೂರ್ತಿ ಒಣಗಿಸಿ. ರಬ್ಬರ್ ಅಂಟನ್ನು ಎರಡೂ ಮೈಗೆ ಹಚ್ಚಿ, ಕೈಗೆ ಅಂಟದಷ್ಟು ಆರಿದ ಮೇಲೆ ಒತ್ತಿ. ಅವಸರ ಮಾಡಿದರೆ ಒಳಗೆ ಗುಳ್ಳೆ ಏಳುತ್ತದೆ.

ಕೊರತೆಯೂ ಇದೆ: ಬಿಸಿಲು. ರಾಯಚೂರು, ಕೊಪ್ಪಳದ ಬೇಸಿಗೆಗೆ ಬರಿ ಫೋಮ್ ಒಡ್ಡಿದರೆ ಮೇಲ್ಮೈ ಪುಡಿಯಾಗತೊಡಗುತ್ತದೆ. ಟಾರ್ಪಾಲಿನ್ ಹೊದಿಕೆ ಹೊಲಿಸಲೇಬೇಕು. ಇಲಿಗಳೂ ಕಡಿಯುತ್ತವೆ.

ಅಗ್ಗಕ್ಕೆ ಸಿಗುವ ಹಾಸಿಗೆ ಫೋಮ್ ಬೇಡ, ಅದು ನೀರು ಹೀರುತ್ತದೆ. ಥರ್ಮಾಕೋಲ್ ಪೆಟ್ರೋಲಿಗೆ ಕರಗುತ್ತದೆ. ಕೊಳ್ಳುವ ಮೊದಲು ಒಂದು ತುಂಡು ಕೇಳಿ ತೂಗಿ, ಕಲ್ಲು ಹೇರಿ ರಾತ್ರಿಯಿಡೀ ನೀರಲ್ಲಿ ಮುಳುಗಿಸಿ, ಒರೆಸಿ ಮತ್ತೆ ತೂಗಿ. ತೂಕ ಎದ್ದು ಕಾಣುವಷ್ಟು ಹೆಚ್ಚಿದ್ದರೆ ಆ ಶೀಟ್ ಬಿಟ್ಟುಬಿಡಿ.